ಥೀಮ್ ಪಾರ್ಕ್ ರೆಸಾರ್ಟಿನೊಳಗೆ ವೃತ್ತಿಪರ ಲೀಗ್: 2020ರ ಡಿಸ್ನಿ ಬಬಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೋವಿಡ್ ಕಾಲದಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಮತ್ತು ಫುಟ್‌ಬಾಲ್ ಲೀಗ್‌ಗಳು ಫ್ಲೋರಿಡಾದ ಡಿಸ್ನಿ ರೆಸಾರ್ಟಿನಲ್ಲಿ ಬೀಡುಬಿಟ್ಟು ಆಡಿದ್ದರ ಬಗ್ಗೆ ಮಾತುಕತೆಗಳಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಕೂಡಿಸಿದ್ದೇವೆ. ಮೊದಲು ಸರಳ ಪ್ರಶ್ನೆಗಳಿವೆ, ಮುಂದೆ ಹೋದಂತೆ ವಿಷಯ ಆಳವಾಗುತ್ತದೆ. ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ ಓದಬಹುದು.

ಮೊದಲ ಪರಿಚಯ

ಡಿಸ್ನಿ ಬಬಲ್ ಅಂದ್ರೆ ಏನು? ಯಾವಾಗ ನಡೆದಿದ್ದು?

ಹೊರಗಿನವರ ಸಂಪರ್ಕವನ್ನು ಆದಷ್ಟು ಕಡಿದು, ಒಂದೇ ಆವರಣದೊಳಗೆ ತಂಡಗಳು ಉಳಿದು ಆಡುವ ವ್ಯವಸ್ಥೆಗೆ ಬಬಲ್ ಎನ್ನುತ್ತಾರೆ. 2020ರ ಮಾರ್ಚ್ 11ರಂದು ಯೂಟಾ ಜಾಝ್ ತಂಡದ ಆಟಗಾರ ರೂಡಿ ಗೋಬೇರ್‌ಗೆ ಸೋಂಕು ದೃಢಪಟ್ಟಿತು. ಅದೇ ರಾತ್ರಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ತನ್ನ ಋತುವನ್ನು ನಿಲ್ಲಿಸಿತು. ಅರ್ಧಕ್ಕೆ ನಿಂತ ಋತುವನ್ನು ಮುಗಿಸಲು ಲೀಗ್ ಆರಿಸಿಕೊಂಡ ಜಾಗ ಫ್ಲೋರಿಡಾದ ಒರ್ಲಾಂಡೊ ಹತ್ತಿರದ ವಾಲ್ಟ್ ಡಿಸ್ನಿ ವರ್ಲ್ಡ್. ತಂಡಗಳು ಜುಲೈ 7ರಿಂದ 9ರೊಳಗೆ ಬಂದಿಳಿದವು, ಜುಲೈ 30ಕ್ಕೆ ಪಂದ್ಯಗಳು ಶುರುವಾದವು, ಅಕ್ಟೋಬರ್ 11ರಂದು ಲಾಸ್ ಏಂಜಲಿಸ್ ಲೇಕರ್ಸ್ ಮಯಾಮಿ ಹೀಟ್ ತಂಡವನ್ನು 4–2ರಿಂದ ಸೋಲಿಸಿ ಪ್ರಶಸ್ತಿ ಗೆದ್ದಿತು. ಒಟ್ಟು 172 ಪಂದ್ಯಗಳು, ಎಲ್ಲವೂ ಒಂದೇ ಆವರಣದಲ್ಲಿ.

ಎನ್‌ಬಿಎಗಿಂತ ಮೊದಲೇ, ಜುಲೈ 8ರಿಂದ ಆಗಸ್ಟ್ 11ರವರೆಗೆ, ಅಮೆರಿಕದ ಫುಟ್‌ಬಾಲ್ ಲೀಗ್ ಎಂಎಲ್‌ಎಸ್ ಇದೇ ಆವರಣದಲ್ಲಿ ‘ಎಂಎಲ್‌ಎಸ್ ಈಸ್ ಬ್ಯಾಕ್’ ಎಂಬ ಟೂರ್ನಿ ನಡೆಸಿತು. ಪೋರ್ಟ್‌ಲ್ಯಾಂಡ್ ಟಿಂಬರ್ಸ್ ಫೈನಲ್‌ನಲ್ಲಿ ಒರ್ಲಾಂಡೊ ಸಿಟಿಯನ್ನು 2–1ರಿಂದ ಸೋಲಿಸಿತು.

ರೋಲರ್ ಕೋಸ್ಟರ್ ಪಕ್ಕದಲ್ಲೇ ಮ್ಯಾಚ್ ಆಡಿದ್ರಾ?

ಇಲ್ಲ. ಡಿಸ್ನಿ ವರ್ಲ್ಡ್ ಅಂದರೆ ಸುಮಾರು 25,000 ಎಕರೆಯ ಆಸ್ತಿ. ಪಾರ್ಕ್‌ಗಳು ಅದರ ಒಂದು ಭಾಗ ಮಾತ್ರ. ಹೋಟೆಲುಗಳು, ಕೆರೆಗಳು, ಗಾಲ್ಫ್ ಮೈದಾನಗಳ ಜೊತೆಗೆ ಇಎಸ್‌ಪಿಎನ್ ವೈಡ್ ವರ್ಲ್ಡ್ ಆಫ್ ಸ್ಪೋರ್ಟ್ಸ್ ಎಂಬ ದೊಡ್ಡ ಕ್ರೀಡಾ ಸಂಕೀರ್ಣವೂ ಅಲ್ಲಿದೆ. 1997ರಲ್ಲಿ ತೆರೆದ ಈ ಸಂಕೀರ್ಣದಲ್ಲಿ ಸಾಮಾನ್ಯ ದಿನಗಳಲ್ಲಿ ಹೆಚ್ಚಾಗಿ ಶಾಲಾ ವಯಸ್ಸಿನ ಮಕ್ಕಳ ಟೂರ್ನಿಗಳು ನಡೆಯುತ್ತವೆ. ಎನ್‌ಬಿಎ ಪಂದ್ಯಗಳು ನಡೆದದ್ದು ಅಲ್ಲಿನ ಮೂರು ಒಳಾಂಗಣಗಳಲ್ಲಿ: ಅಡ್ವೆಂಟ್‌ಹೆಲ್ತ್ ಅರೀನಾ, ಎಚ್‌ಪಿ ಫೀಲ್ಡ್ ಹೌಸ್ ಮತ್ತು ವೀಸಾ ಅಥ್ಲೆಟಿಕ್ ಸೆಂಟರ್. ಫುಟ್‌ಬಾಲ್ ಆಡಿದ್ದು ಅದೇ ಸಂಕೀರ್ಣದ ಹೊರಾಂಗಣ ಮೈದಾನಗಳಲ್ಲಿ.

ಮ್ಯಾಜಿಕ್ ಕಿಂಗ್‌ಡಮ್ ಪಾರ್ಕ್ ಜುಲೈ 11ಕ್ಕೆ ಸಾರ್ವಜನಿಕರಿಗೆ ಮತ್ತೆ ತೆರೆಯಿತು. ಹಾಗಾಗಿ ಒಂದೇ ಆಸ್ತಿಯ ಒಂದು ಕಡೆ ಪ್ರವಾಸಿಗರಿದ್ದರು, ಇನ್ನೊಂದು ಕಡೆ ಮುಚ್ಚಿದ ಆವರಣದೊಳಗೆ ಆಟಗಾರರಿದ್ದರು. ಇಬ್ಬರೂ ಎದುರಾಗದಂತೆ ಹೋಟೆಲು, ಬಸ್ಸು, ದಾರಿ ಎಲ್ಲವನ್ನೂ ಬೇರ್ಪಡಿಸಲಾಗಿತ್ತು.

30 ತಂಡಗಳಲ್ಲಿ 22 ಮಾತ್ರ ಯಾಕೆ ಕರೆದರು?

ಜೂನ್ 4ರಂದು ಮಾಲೀಕರ ಮಂಡಳಿ 29–1 ಮತಗಳಿಂದ ಯೋಜನೆಗೆ ಒಪ್ಪಿತು. ಪ್ಲೇಆಫ್ (ಪ್ರಶಸ್ತಿಗಾಗಿ ನಡೆಯುವ ಕೊನೆಯ ಸೋತವರು ಹೊರಬೀಳುವ ಹಂತ) ಸ್ಥಾನದಲ್ಲಿದ್ದ 16 ತಂಡಗಳು, ಅಂದರೆ ಪೂರ್ವ–ಪಶ್ಚಿಮ ಎರಡು ವಿಭಾಗಗಳಿಂದ ತಲಾ ಎಂಟು, ಮತ್ತು ತಮ್ಮ ವಿಭಾಗದ ಎಂಟನೇ ಸ್ಥಾನಕ್ಕಿಂತ ಆರು ಪಂದ್ಯಗಳ ಅಂತರದೊಳಗಿದ್ದ 6 ತಂಡಗಳಿಗೆ ಮಾತ್ರ ಕರೆ ಹೋಯಿತು. ಗೆಲ್ಲುವ ದಾರಿಯೇ ಇಲ್ಲದ ಎಂಟು ತಂಡಗಳನ್ನು ಕರೆಸಿದ್ದರೆ ಸುಮಾರು 300 ಜನ ಹೆಚ್ಚಾಗುತ್ತಿದ್ದರು. ಬಬಲ್‌ನಲ್ಲಿ ಪ್ರತಿ ಹೆಚ್ಚುವರಿ ತಲೆಯೂ ಸೋಂಕಿಗೆ ಒಂದು ಹೆಚ್ಚುವರಿ ಬಾಗಿಲು. 22 ತಂಡಗಳೂ ಎಂಟೆಂಟು ಪಂದ್ಯ ಆಡಿ ಸ್ಥಾನ ನಿರ್ಧರಿಸಿಕೊಂಡವು, ಆಮೇಲೆ ಎಂದಿನ ಪ್ಲೇಆಫ್.

ಜಾಗ ಮತ್ತು ವ್ಯವಸ್ಥೆ

ಅಷ್ಟೊಂದು ದೊಡ್ಡ ಸ್ಟೇಡಿಯಂಗಳಿರುವ ದೇಶದಲ್ಲಿ ಥೀಮ್ ಪಾರ್ಕೇ ಯಾಕೆ ಬೇಕಾಯ್ತು?

ದೊಡ್ಡ ಸ್ಟೇಡಿಯಂ ಯಾರಿಗೂ ಬೇಕಿರಲಿಲ್ಲ, ಪ್ರೇಕ್ಷಕರೇ ಇಲ್ಲವಲ್ಲ. ಬೇಕಿದ್ದದ್ದು ಮಲಗುವ ಕೋಣೆ, ಅಡುಗೆಮನೆ, ಆಡುವ ಅಂಕಣ ಮೂರೂ ಒಂದೇ ಬೇಲಿಯೊಳಗೆ, ಒಬ್ಬನೇ ಯಜಮಾನನ ಕೈಯಲ್ಲಿ ಇರುವ ಜಾಗ. ನಮ್ಮ ಕಡೆ ಮದುವೆಗೆ ಛತ್ರ ಹಿಡಿಯುವುದೂ ಇದೇ ಲೆಕ್ಕದಲ್ಲಿ: ಉಳಿಯಲು, ಉಣ್ಣಲು, ಕಾರ್ಯ ನಡೆಸಲು ಬೀದಿ ದಾಟಬೇಕಾಗಿಲ್ಲ.

ಲಾಸ್ ವೇಗಸ್‌ನಂಥ ನಗರವೂ ಚರ್ಚೆಯಲ್ಲಿತ್ತು. ಅಲ್ಲಿ ಹೋಟೆಲುಗಳಿಗೆ ಕೊರತೆಯಿಲ್ಲ. ಆದರೆ ಅವುಗಳ ಮುಂದೆ ಸಾರ್ವಜನಿಕ ರಸ್ತೆ ಇದೆ, ರಸ್ತೆಯಲ್ಲಿ ಯಾರು ಓಡಾಡಬೇಕು ಎಂದು ಹೋಟೆಲು ಹೇಳಲಾಗದು. ಡಿಸ್ನಿ ಆಸ್ತಿಯೊಳಗಿನ ರಸ್ತೆಗಳು, ಬಸ್ಸುಗಳು, ಕಾವಲು ಎಲ್ಲ ಬಹುಮಟ್ಟಿಗೆ ಅದರದೇ ಹಿಡಿತದಲ್ಲಿದ್ದವು. 1967ರಲ್ಲಿ ರಚನೆಯಾದ ರೀಡಿ ಕ್ರೀಕ್ ಎಂಬ ವಿಶೇಷ ಜಿಲ್ಲೆಯ ಮೂಲಕ ಅಗ್ನಿಶಾಮಕ ಸೇವೆ, ಕಟ್ಟಡ ಪರವಾನಗಿ, ನೀರು ಮುಂತಾದ ಪುರಸಭೆಯ ಕೆಲಸಗಳೂ ಅಲ್ಲೇ ನಡೆಯುತ್ತಿದ್ದವು. ವಾರಗಳೊಳಗೆ ಸಭಾಂಗಣವನ್ನು ಅಂಕಣವಾಗಿ ಬದಲಿಸಬೇಕಾದಾಗ ಇದು ಸಣ್ಣ ಅನುಕೂಲವಲ್ಲ.

ಮೂರನೇ ಕಾರಣ ಟಿವಿ. ಎನ್‌ಬಿಎ ಪ್ರಸಾರ ಹಕ್ಕಿನ ದೊಡ್ಡ ಪಾಲು ಹೊಂದಿರುವ ಇಎಸ್‌ಪಿಎನ್ ಮತ್ತು ಎಬಿಸಿ ಡಿಸ್ನಿ ಬಳಗದ ವಾಹಿನಿಗಳು. ಸಂಕೀರ್ಣದಲ್ಲಿ ಪ್ರಸಾರಕ್ಕೆ ಬೇಕಾದ ಕೇಬಲ್ ಜಾಲ ಮೊದಲೇ ಇತ್ತು. ನಾಲ್ಕನೆಯದು ಸಮಯ: ಮಾರ್ಚ್ ಮಧ್ಯದಿಂದ ಪಾರ್ಕ್‌ಗಳು ಮುಚ್ಚಿ ಸಾವಿರಾರು ಕೋಣೆಗಳು ಖಾಲಿ ಬಿದ್ದಿದ್ದವು.

ಯಾವ ತಂಡ ಯಾವ ಹೋಟೆಲಲ್ಲಿತ್ತು? ಹಂಚಿದ್ದು ಹೇಗೆ?

ಮೂರು ಹೋಟೆಲು. ಅಂಕಪಟ್ಟಿಯಲ್ಲಿ ಮೇಲಿದ್ದ ಎಂಟು ತಂಡಗಳು, ಅಂದರೆ ಲೇಕರ್ಸ್, ಬಕ್ಸ್, ರ‍್ಯಾಪ್ಟರ್ಸ್, ಕ್ಲಿಪ್ಪರ್ಸ್, ಸೆಲ್ಟಿಕ್ಸ್, ನಗೆಟ್ಸ್, ಜಾಝ್ ಮತ್ತು ಹೀಟ್, ಕೊರೊನಾಡೊ ಸ್ಪ್ರಿಂಗ್ಸ್ ರೆಸಾರ್ಟಿನ ಗ್ರಾನ್ ಡೆಸ್ಟಿನೊ ಗೋಪುರದಲ್ಲಿ. ನಡುವಿನ ಎಂಟು ಗ್ರ್ಯಾಂಡ್ ಫ್ಲೊರಿಡಿಯನ್‌ನಲ್ಲಿ. ಉಳಿದ ಆರು ಯಾಟ್ ಕ್ಲಬ್‌ನಲ್ಲಿ.

ಇದು ಬರೀ ಮರ್ಯಾದೆಯ ಲೆಕ್ಕವಲ್ಲ. ಬೇಗ ಮನೆಗೆ ಹೋಗುವ ಸಾಧ್ಯತೆ ಇರುವ ತಂಡಗಳನ್ನು ಒಂದೇ ಕಟ್ಟಡದಲ್ಲಿಟ್ಟರೆ ಅವು ಹೊರಟ ಮೇಲೆ ಆ ಕಟ್ಟಡದ ಕಾವಲು, ಊಟ, ಶುಚಿ ವ್ಯವಸ್ಥೆಯ ಹೊರೆ ಒಟ್ಟಿಗೆ ಇಳಿಯುತ್ತದೆ. ಕೊನೆಯವರೆಗೂ ಉಳಿಯುವವರು ಒಂದೆಡೆ ಇರುತ್ತಾರೆ.

ಪ್ರತಿ ತಂಡಕ್ಕೂ ಆಟಗಾರರು, ಕೋಚ್‌ಗಳು, ಫಿಸಿಯೊ ಎಲ್ಲ ಸೇರಿ ಹೆಚ್ಚೆಂದರೆ 37 ಜನ. ಅವರಲ್ಲಿ ಆಟಗಾರರು 17ರೊಳಗೆ.

ಮೂರೇ ಅಂಕಣದಲ್ಲಿ ಅಷ್ಟೊಂದು ತಂಡಗಳಿಗೆ ಅಭ್ಯಾಸ ಹೇಗೆ ಸಾಧ್ಯವಾಯ್ತು?

ಅಭ್ಯಾಸಕ್ಕೆ ಬೇರೆ ಅಂಕಣಗಳನ್ನೇ ಹಾಸಿದರು. ಕೊರೊನಾಡೊ ಸ್ಪ್ರಿಂಗ್ಸ್‌ನಲ್ಲಿ ದೊಡ್ಡ ಸಮಾವೇಶ ಕೇಂದ್ರವಿದೆ. ಅದರ ಬಾಲ್‌ರೂಮ್‌ಗಳ ಕಾರ್ಪೆಟ್ ಮೇಲೆ ಮರದ ಹಲಗೆಯ ಅಂಕಣಗಳನ್ನು ಜೋಡಿಸಿ ಬುಟ್ಟಿ ಕಂಬ ನಿಲ್ಲಿಸಿದರು, ಪಕ್ಕದಲ್ಲೇ ವ್ಯಾಯಾಮ ಸಲಕರಣೆ. ಕಂಬಗಳಿಲ್ಲದ, ಚಾವಣಿ ಎತ್ತರವಿರುವ ಹಾಲ್ ಇದ್ದರೆ ಮಾತ್ರ ಇದು ಆಗುವ ಕೆಲಸ. ಮಾಮೂಲಿ ಹೋಟೆಲ್ ಹಾಲ್‌ಗಳಲ್ಲಿ ತೂಗುದೀಪ, ತಗ್ಗು ಚಾವಣಿಗಳೇ ಅಡ್ಡಿಯಾಗುತ್ತವೆ. ತಂಡಗಳಿಗೆ ಸರದಿಯ ಮೇಲೆ ಸಮಯ ಕೊಡುತ್ತಿದ್ದರು, ಒಂದು ತಂಡ ಹೋದ ಮೇಲೆ ಚೆಂಡು, ಕುರ್ಚಿ, ಉಪಕರಣ ಎಲ್ಲ ಒರೆಸಿ ಮುಗಿಸಿದ ನಂತರವೇ ಮುಂದಿನವರಿಗೆ ಪ್ರವೇಶ.

ಸೋಂಕು ತಡೆ

ಒಬ್ಬ ಆಟಗಾರ ಮನೆಯಿಂದ ಅಂಕಣಕ್ಕೆ ಬರೋವರೆಗೆ ಯಾವ ಯಾವ ಹಂತ ದಾಟಬೇಕಿತ್ತು?

ಲೀಗ್ 113 ಪುಟಗಳ ಕೈಪಿಡಿ ಮಾಡಿತ್ತು. ಸಾರ ಹೀಗೆ.

ಮೊದಲು ಮನೆಯೂರಿನಲ್ಲಿ, ಜೂನ್ 23ರಿಂದ, ದಿನ ಬಿಟ್ಟು ದಿನ ಪರೀಕ್ಷೆ. ಆ ದಿನವೇ 302 ಆಟಗಾರರಲ್ಲಿ 16 ಮಂದಿಗೆ ಸೋಂಕು ಕಂಡಿತು. ಗುಣವಾಗುವವರೆಗೆ ಅವರು ವಿಮಾನ ಹತ್ತುವಂತಿರಲಿಲ್ಲ. ಮುಂದೆ ತಂಡದ ತರಬೇತಿ ಕೇಂದ್ರದಲ್ಲಿ ಒಬ್ಬೊಬ್ಬರಾಗಿ ಅಭ್ಯಾಸ, ಗುಂಪು ಆಟ ಇಲ್ಲ. ಆಮೇಲೆ ತಂಡದ ವಿಮಾನದಲ್ಲಿ ಒರ್ಲಾಂಡೊಗೆ. ಇಳಿದ ಕೂಡಲೇ ಕೋಣೆಯೊಳಗೆ. 24 ಗಂಟೆ ಅಂತರದ ಎರಡು ಪಿಸಿಆರ್ ಪರೀಕ್ಷೆ ನೆಗೆಟಿವ್ ಬರುವವರೆಗೆ ಬಾಗಿಲು ದಾಟುವಂತಿಲ್ಲ, ಊಟ ಡಬ್ಬಿಯಲ್ಲಿ ಬಾಗಿಲ ಹೊರಗೆ ಬರುತ್ತಿತ್ತು. ಎರಡೂ ನೆಗೆಟಿವ್ ಆದರೆ ತಂಡದ ಅಭ್ಯಾಸ, ನಂತರ ಅಭ್ಯಾಸ ಪಂದ್ಯ, ಕೊನೆಗೆ ಅಸಲಿ ಪಂದ್ಯ.

ಸೋಂಕು ಬಂದವರಿಗೆ ಬೇರೆ ಕಟ್ಟಡದಲ್ಲಿ ಪ್ರತ್ಯೇಕವಾಸ. ಗುಣವಾದ ಮೇಲೂ ನೇರವಾಗಿ ಓಡಲು ಬಿಡುತ್ತಿರಲಿಲ್ಲ, ಹೃದಯದ ತಪಾಸಣೆ ಕಡ್ಡಾಯ. ವೈರಸ್ಸಿನಿಂದ ಹೃದಯ ಸ್ನಾಯುವಿನ ಉರಿಯೂತ ಉಂಟಾಗಿದ್ದರೆ ಕಠಿಣ ವ್ಯಾಯಾಮ ಜೀವಕ್ಕೇ ಅಪಾಯ.

ಎರಡು ದಿನದ ಕ್ವಾರಂಟೈನ್ ಸಾಕಾ? ನಮ್ಮಲ್ಲಿ ಹದಿನಾಲ್ಕು ದಿನ ಅಂತಿದ್ರಲ್ಲ?

ಇದು ಇಡೀ ವಿಷಯದ ತಿರುಳು. ಬರೀ ಎರಡು ದಿನವಾಗಿದ್ದರೆ ಸಾಲುತ್ತಿರಲಿಲ್ಲ. ಸೋಂಕು ತಗುಲಿ ಮೊದಲ ಕೆಲವು ದಿನ ವೈರಸ್ ಪರೀಕ್ಷೆಯಲ್ಲಿ ಸಿಗುವಷ್ಟು ಇರುವುದಿಲ್ಲ. ಆಗಿನ ತಳಿಯಲ್ಲಿ ಲಕ್ಷಣ ಕಾಣಲು ಸರಾಸರಿ ಐದು ದಿನ ಬೇಕಿತ್ತು. ವಿಮಾನ ಹತ್ತುವ ಹಿಂದಿನ ದಿನ ಸೋಂಕು ತಗುಲಿದವನು ಎರಡೂ ಪರೀಕ್ಷೆ ದಾಟಿಬಿಡಬಹುದು.

ಎನ್‌ಬಿಎ ಆ ಕಿಂಡಿಯನ್ನು ಮುಚ್ಚಿದ್ದು ಬರುವ ಮುಂಚಿನ ಎರಡು ವಾರಗಳಲ್ಲಿ. ಜೂನ್ 23ರಿಂದ ಜುಲೈ ಮೊದಲ ವಾರದವರೆಗಿನ ಸರಣಿ ಪರೀಕ್ಷೆ, ಒಂಟಿ ಅಭ್ಯಾಸ ಸೇರಿ ಅದೂ ಒಂದು ಬಗೆಯ ಕ್ವಾರಂಟೈನ್ ಆಯಿತು. ಆವರಣಕ್ಕೆ ಬಂದ ಮೇಲೆ ದಿನವೂ ಪರೀಕ್ಷೆ ಇದ್ದುದರಿಂದ ತಪ್ಪಿಸಿಕೊಂಡ ಪ್ರಕರಣವೂ ಮರುದಿನಕ್ಕೆ ಸಿಗುತ್ತಿತ್ತು. ಜುಲೈ 13ರ ಹೊತ್ತಿಗೆ ಒಳಗೆ ಪರೀಕ್ಷೆಯಾದ 322 ಆಟಗಾರರಲ್ಲಿ ಇಬ್ಬರಿಗೆ ಸೋಂಕು ಕಂಡಿತ್ತು. ಇಬ್ಬರೂ ಇನ್ನೂ ಕೋಣೆಯೊಳಗಿದ್ದವರು. ಜುಲೈ 20ರಂದು 346 ಆಟಗಾರರಲ್ಲಿ ಸೊನ್ನೆ. ಅಲ್ಲಿಂದ ಕೊನೆಯವರೆಗೂ ಆಟಗಾರರಲ್ಲಿ ಸೊನ್ನೆಯೇ.

ಆ ಬೇಸಿಗೆಯಲ್ಲಿ ಹೊರಗೆ ಫ್ಲೋರಿಡಾ ಹೇಗಿತ್ತು ಎನ್ನುವುದನ್ನೂ ನೆನಪಿಡಬೇಕು. ಜುಲೈ 12ರಂದು ಒಂದೇ ದಿನ ಆ ರಾಜ್ಯದಲ್ಲಿ 15,000ಕ್ಕೂ ಹೆಚ್ಚು ಹೊಸ ಪ್ರಕರಣ ದಾಖಲಾದವು.

ಎಂಎಲ್‌ಎಸ್ ಕೂಡ ಅಲ್ಲೇ ಆಡಿತ್ತಲ್ಲ, ಅಲ್ಲಿ ಎರಡು ತಂಡ ಯಾಕೆ ವಾಪಸ್ ಹೋದವು?

ಸೋಂಕು ತಂಡಗಳ ಜೊತೆಗೇ ಬಂತು. ಡಲ್ಲಾಸ್ ತಂಡದ 10 ಆಟಗಾರರು ಮತ್ತು ಒಬ್ಬ ಸಿಬ್ಬಂದಿಗೆ, ನ್ಯಾಶ್‌ವಿಲ್ ತಂಡದ 9 ಆಟಗಾರರಿಗೆ ಸೋಂಕು ದೃಢಪಟ್ಟು ಎರಡೂ ಟೂರ್ನಿಯಿಂದ ಹೊರಬಿದ್ದವು. 26 ತಂಡಗಳ ಟೂರ್ನಿ 24ಕ್ಕೆ ಇಳಿಯಿತು, ಗುಂಪುಗಳನ್ನು ಮತ್ತೆ ಹೊಂದಿಸಬೇಕಾಯಿತು. ಜುಲೈ 12ರಂದು ಟೊರಾಂಟೊ ಮತ್ತು ಡಿ.ಸಿ. ಯುನೈಟೆಡ್ ಪಂದ್ಯವನ್ನು ಇನ್ನೇನು ಶುರುವಾಗಬೇಕು ಎನ್ನುವಾಗ ಸಂದೇಹದ ಫಲಿತಾಂಶಗಳಿಂದಾಗಿ ಮರುದಿನಕ್ಕೆ ಮುಂದೂಡಿದರು.

ತಂಡವೇ ಒಂದು ಘಟಕವಾಗಿ ಒಟ್ಟಿಗೆ ಅಭ್ಯಾಸ ಮಾಡಿ, ಒಟ್ಟಿಗೆ ಪ್ರಯಾಣ ಮಾಡಿದರೆ ಒಬ್ಬನ ಸೋಂಕು ಹತ್ತು ಜನರದಾಗಲು ಹೆಚ್ಚು ಹೊತ್ತು ಬೇಡ. ಆವರಣ ಎಷ್ಟೇ ಭದ್ರವಾಗಿದ್ದರೂ ಒಳಬರುವ ಮುಂಚಿನ ವಾರವನ್ನು ಅದು ಸರಿಪಡಿಸಲಾರದು. ಆದರೂ ಮೊದಲ ದಿನಗಳ ಪೆಟ್ಟು ತಿಂದ ಮೇಲೆ ಎಂಎಲ್‌ಎಸ್ ಚೇತರಿಸಿಕೊಂಡು ಟೂರ್ನಿ ಮುಗಿಸಿತು.

ದಿನಾ ಮೂಗಿನ ಆಳಕ್ಕೆ ಕಡ್ಡಿ ಹಾಕಿಸಿಕೊಳ್ತಿದ್ರಾ?

ಅಷ್ಟು ಆಳಕ್ಕಿಲ್ಲ. ಮೂಗಿನ ಮುಂಭಾಗ ಮತ್ತು ಬಾಯಿಯಿಂದ ಮಾದರಿ ತೆಗೆಯುತ್ತಿದ್ದರು. ಮೂರು ತಿಂಗಳು ದಿನವೂ ಆಳದ ಮಾದರಿ ಕೊಡಿ ಎಂದರೆ ಯಾರೂ ಒಪ್ಪುವುದಿಲ್ಲ, ಒಪ್ಪದಿದ್ದರೆ ದಿನದ ಪರೀಕ್ಷೆಯೇ ನಿಲ್ಲುತ್ತದೆ. ಇದರ ಜೊತೆಗೆ ಎನ್‌ಬಿಎ ಮತ್ತು ಆಟಗಾರರ ಸಂಘ ಯೇಲ್ ವಿಶ್ವವಿದ್ಯಾಲಯದ ‘ಸಲೈವಾಡೈರೆಕ್ಟ್’ ಎಂಬ ಎಂಜಲು ಪರೀಕ್ಷೆಯ ಅಧ್ಯಯನಕ್ಕೆ ನೆರವು ಕೊಟ್ಟವು. ಆಗಸ್ಟ್ 15ರಂದು ಅದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ತುರ್ತು ಬಳಕೆ ಅನುಮತಿ ಸಿಕ್ಕಿತು. ದುಬಾರಿ ಕಿಟ್‌ಗಳಿಲ್ಲದೆ ಸಾಮಾನ್ಯ ಪ್ರಯೋಗಾಲಯಗಳೂ ಮಾಡಬಹುದಾದ ವಿಧಾನ ಅದು. ಕ್ರೀಡೆಯ ಹಣದಿಂದ ಹೊರಗಿನ ಜನಕ್ಕೂ ಸಿಕ್ಕ ಪ್ರಯೋಜನ ಇದು ಎಂಬುದು ನಮಗೆ ಮುಖ್ಯವಾಗಿ ಕಾಣುತ್ತದೆ.

ಕೈಪಟ್ಟಿ, ಉಂಗುರ ಅಂತೆಲ್ಲ ಕೇಳಿದ್ವಿ. ಅವುಗಳ ಕೆಲಸ ಏನು?

ಡಿಸ್ನಿ ಪಾರ್ಕಿನ ಅತಿಥಿಗಳು ಕಟ್ಟಿಕೊಳ್ಳುವ ಮ್ಯಾಜಿಕ್‌ಬ್ಯಾಂಡ್ ಅನ್ನೇ ಇಲ್ಲಿ ಕೋಣೆಯ ಬೀಗ ತೆರೆಯಲು, ಕಾವಲು ಗೇಟು ದಾಟಲು, ಆ ದಿನದ ಆರೋಗ್ಯ ತಪಾಸಣೆ ಆಗಿದೆಯೆ ಎಂದು ನೋಡಲು ಬಳಸಿದರು. ದಿನ ಬೆಳಿಗ್ಗೆ ಜ್ವರ, ಆಮ್ಲಜನಕ ಮಟ್ಟ ಅಳೆದು ಮೊಬೈಲ್‌ನಲ್ಲಿ ದಾಖಲಿಸಬೇಕಿತ್ತು. ಆರು ಅಡಿಗಿಂತ ಹತ್ತಿರ ಐದು ಸೆಕೆಂಡಿಗಿಂತ ಹೆಚ್ಚು ನಿಂತರೆ ಸದ್ದು ಮಾಡುವ ಬಿಲ್ಲೆ ಸಿಬ್ಬಂದಿಗಿತ್ತು. ದೇಹದ ಉಷ್ಣ, ನಾಡಿ, ಉಸಿರಾಟ ಅಳೆಯುವ ಔರಾ ಉಂಗುರ ಇಷ್ಟವಿದ್ದವರಿಗೆ ಮಾತ್ರ. ಹೆಸರಿನಲ್ಲಿ ಹೊಸತನ ಇದ್ದರೂ ಕೆಲಸ ಮಾಡಿದ್ದು ದಿನದ ಪರೀಕ್ಷೆ, ಮಾಸ್ಕ್ ಮತ್ತು ಗೇಟು.

ನಿಯಮ ಮುರಿದವರಿಗೆ ನಿಜವಾಗಿಯೂ ಶಿಕ್ಷೆ ಆಯ್ತಾ?

ಆಯಿತು. ಸ್ಯಾಕ್ರಮೆಂಟೊ ಕಿಂಗ್ಸ್‌ನ ರಿಶಾನ್ ಹೋಮ್ಸ್ ಹೊರಗಿನಿಂದ ತರಿಸಿದ ಊಟ ಇಸಿದುಕೊಳ್ಳಲು ಗಡಿರೇಖೆ ದಾಟಿದ್ದಕ್ಕೆ ಮತ್ತೆ ಕ್ವಾರಂಟೈನ್ ಸೇರಬೇಕಾಯಿತು. ಅನುಮತಿ ಪಡೆದು ಹೊರಹೋದ ಕ್ಲಿಪ್ಪರ್ಸ್‌ನ ಲೂ ವಿಲಿಯಮ್ಸ್ ಅಟ್ಲಾಂಟಾದ ಕ್ಲಬ್ಬಿಗೆ ಹೋದದ್ದು ಗೊತ್ತಾಗಿ ಮರಳಿದ ಮೇಲೆ ಹತ್ತು ದಿನ ಕೋಣೆಯಲ್ಲಿ ಕಳೆದರು. ಇಸ್ಪೀಟಿನ ಎಲೆಗಳನ್ನು ಒಮ್ಮೆ ಆಡಿ ಎಸೆಯಬೇಕು, ಟೇಬಲ್ ಟೆನಿಸ್‌ನಲ್ಲಿ ಡಬಲ್ಸ್ ಬೇಡ ಎಂಬಂಥ ಸಣ್ಣ ನಿಯಮಗಳೂ ಇದ್ದವು. ಹೆಸರು ಹೇಳದೆ ದೂರು ಕೊಡಲು ಒಂದು ದೂರವಾಣಿ ಸಂಖ್ಯೆಯೂ ಇತ್ತು.

ತಾರೆಯಾಗಿರಲಿ, ಬೆಂಚಿನ ಆಟಗಾರನಾಗಿರಲಿ, ಗಡಿ ದಾಟಿದರೆ ಪಂದ್ಯ ತಪ್ಪಬಹುದು ಎಂದು ಮೊದಲ ವಾರಗಳಲ್ಲೇ ಎಲ್ಲರಿಗೂ ಅರಿವಾದದ್ದು ಒಳ್ಳೆಯದೇ ಆಯಿತು.

ಹೋಟೆಲ್ ಕೆಲಸದವರು ದಿನಾ ಮನೆಗೆ ಹೋಗ್ತಿದ್ರಂತೆ. ಅದೇ ದೊಡ್ಡ ತೂತಲ್ವಾ?

ಹೌದು, ಯೋಜನೆಯ ಮೇಲೆ ಬಂದ ಅತಿ ನ್ಯಾಯವಾದ ಟೀಕೆ ಇದು. ಡಿಸ್ನಿಯ ಅಡುಗೆ, ಶುಚಿ, ಕಾವಲಿನ ಕೆಲಸಗಾರರು ಸೋಂಕು ಏರುತ್ತಿದ್ದ ಊರಿನಿಂದಲೇ ಬಂದು ಹೋಗುತ್ತಿದ್ದರು. ಅವರೆಲ್ಲರನ್ನೂ ಒಳಗೇ ಇರಿಸಿಕೊಳ್ಳುವುದು ಖರ್ಚಿನ ದೃಷ್ಟಿಯಿಂದಲೂ ಅವರ ಸಂಸಾರದ ದೃಷ್ಟಿಯಿಂದಲೂ ಆಗುವ ಮಾತಾಗಿರಲಿಲ್ಲ.

ಹಾಗಾಗಿ ಎದುರುಬದುರಾಗುವುದನ್ನೇ ಕಡಿಮೆ ಮಾಡಿದರು. ಆಟಗಾರ ಕೋಣೆಯಲ್ಲಿಲ್ಲದಾಗ ಮಾತ್ರ ಶುಚಿ ಕೆಲಸ. ಊಟ ಡಬ್ಬಿಯಲ್ಲಿ. ಎಲ್ಲರಿಗೂ ಮಾಸ್ಕ್, ಆಟಗಾರರಿಗೂ, ಊಟ ಮತ್ತು ಅಭ್ಯಾಸದ ಹೊತ್ತು ಬಿಟ್ಟು. ಮುಚ್ಚಿದ ಕೋಣೆಯಲ್ಲಿ ಮಾಸ್ಕ್ ಇಲ್ಲದೆ ಒಟ್ಟಿಗೆ ಹೊತ್ತು ಕಳೆಯುವ ಸಂದರ್ಭವೇ ಇಲ್ಲದಂತೆ ಮಾಡಿದ್ದರಿಂದ ಸೋಂಕು ದಾಟಲಿಲ್ಲ. ಆಟಗಾರರಿಗೆ ಸಿಕ್ಕ ದಿನದ ಪರೀಕ್ಷೆಯ ರಕ್ಷಣೆ ಅವರಿಗೆ ಊಟ ಬಡಿಸಿದ ಎಲ್ಲರಿಗೂ ಸಿಗಬೇಕಿತ್ತು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಆಟ, ಟಿವಿ, ಜನ

ಖಾಲಿ ಅಂಕಣ ಟಿವಿಯಲ್ಲಿ ಅಷ್ಟು ಚೆನ್ನಾಗಿ ಕಂಡಿದ್ದು ಹೇಗೆ?

ಅಂಕಣದ ಮೂರು ಬದಿಗೆ 17 ಅಡಿ ಎತ್ತರದ ಎಲ್‌ಇಡಿ ಪರದೆ ನಿಲ್ಲಿಸಿ ಖಾಲಿ ಕುರ್ಚಿಗಳನ್ನು ಮರೆಮಾಡಿದರು. ಮೈಕ್ರೋಸಾಫ್ಟ್ ಟೀಮ್ಸ್ ಮೂಲಕ ಮನೆಯಿಂದ ಸೇರಿದ 300ಕ್ಕೂ ಹೆಚ್ಚು ಅಭಿಮಾನಿಗಳ ಮುಖ ಆ ಪರದೆಯಲ್ಲಿ. ಧ್ವನಿವರ್ಧಕದಿಂದ ಜನರ ಗದ್ದಲ. ಪ್ರೇಕ್ಷಕರ ನೋಟಕ್ಕೆ ಅಡ್ಡಿಯಾಗುವ ಭಯವಿಲ್ಲವಾದ್ದರಿಂದ ಅಂಕಣದ ಅಂಚಿನಲ್ಲೇ ಹಳಿಯ ಮೇಲೆ ಓಡುವ ಕ್ಯಾಮೆರಾ ಇಟ್ಟರು. ಶೂ ಉಜ್ಜುವ ಸದ್ದು, ಆಟಗಾರರ ಕೂಗು ಅಷ್ಟು ಸ್ಪಷ್ಟವಾಗಿ ಹಿಂದೆಂದೂ ಕೇಳಿರಲಿಲ್ಲ.

ಹೋಮ್ ಅಡ್ವಾಂಟೇಜ್ ಇಲ್ಲದ ಮೇಲೆ ಆ ಪ್ರಶಸ್ತಿಗೆ ಬೆಲೆ ಇದೆಯಾ?

ಇದೆ. ತವರಿನ ಕೂಗಿನ ಲಾಭ ಎಲ್ಲರಿಗೂ ಒಟ್ಟಿಗೆ ಇಲ್ಲವಾಯಿತು, ಪ್ರಯಾಣದ ಆಯಾಸವೂ ಇಲ್ಲವಾಯಿತು. ಪ್ಲೇಆಫ್‌ನ ಪ್ರತಿ ಸುತ್ತೂ ಎಂದಿನಂತೆ ಏಳು ಪಂದ್ಯಗಳ ಸರಣಿಯೇ. ಮನೆಯವರಿಂದ ದೂರವಿದ್ದು ಮೂರು ತಿಂಗಳು ಗಮನ ಕದಲದಂತೆ ಆಡುವುದು ಬೇರೆಯದೇ ಕಷ್ಟ. ಪೂರ್ವ ವಿಭಾಗದಲ್ಲಿ ಐದನೇ ಸ್ಥಾನದಲ್ಲಿದ್ದ ಮಯಾಮಿ ಫೈನಲ್ ತಲುಪಿದ್ದು ಆ ವಾತಾವರಣಕ್ಕೆ ಬೇಗ ಹೊಂದಿಕೊಂಡಿದ್ದರಿಂದಲೂ ಹೌದು.

ಫುಟ್‌ಬಾಲ್ ಪಂದ್ಯಗಳು ಬೆಳಿಗ್ಗೆ ಒಂಬತ್ತಕ್ಕೆ, ರಾತ್ರಿ ಹತ್ತೂವರೆಗೆ ಯಾಕೆ?

ಜುಲೈನಲ್ಲಿ ಒರ್ಲಾಂಡೊದ ಮಧ್ಯಾಹ್ನ ನಮ್ಮ ಮಂಗಳೂರಿನ ಮೇ ತಿಂಗಳಿನಂತೆ ಬಿಸಿಲು, ಬೆವರು. ಸಂಜೆಗೆ ಗುಡುಗು–ಮಿಂಚು ಬಂದರೆ ಆಟ ನಿಲ್ಲಿಸಲೇಬೇಕು. ಅದಕ್ಕೇ ಬೆಳಿಗ್ಗೆ 9, ರಾತ್ರಿ 8 ಮತ್ತು 10.30ರ ಹೊತ್ತು. ಐದು ಬದಲಿ ಆಟಗಾರರಿಗೆ ಅವಕಾಶ, ನಡುವೆ ನೀರು ಕುಡಿಯಲು ವಿರಾಮ ಕೊಟ್ಟರು.

ಆಗಸ್ಟ್‌ನಲ್ಲಿ ಮೂರು ದಿನ ಪಂದ್ಯ ನಿಂತಿದ್ದು ಸೋಂಕಿನಿಂದಲಾ?

ಅಲ್ಲ. ಆಗಸ್ಟ್ 23ರಂದು ವಿಸ್ಕಾನ್ಸಿನ್ ರಾಜ್ಯದ ಕೆನೋಶಾದಲ್ಲಿ ಪೊಲೀಸರು ಜೇಕಬ್ ಬ್ಲೇಕ್ ಎಂಬ ಕಪ್ಪು ವ್ಯಕ್ತಿಗೆ ಗುಂಡು ಹೊಡೆದರು. 26ರಂದು ಅದೇ ರಾಜ್ಯದ ಮಿಲ್ವಾಕಿ ಬಕ್ಸ್ ತಂಡ ಪಂದ್ಯಕ್ಕೆ ಇಳಿಯಲಿಲ್ಲ, ಉಳಿದ ತಂಡಗಳೂ ಜೊತೆಗೂಡಿದವು. ಕ್ರೀಡಾಂಗಣಗಳನ್ನು ಮತದಾನಕ್ಕೆ ಬಳಸಲು ಕೊಡುವುದೂ ಸೇರಿದಂತೆ ಕೆಲವು ಒಪ್ಪಂದಗಳಾದ ಮೇಲೆ 29ಕ್ಕೆ ಆಟ ಮರಳಿತು. ಎಲ್ಲ ತಂಡಗಳೂ ಒಂದೇ ಜಾಗದಲ್ಲಿದ್ದುದರಿಂದ ಒಂದೇ ಸಂಜೆ ಒಂದೇ ಹಾಲ್‌ನಲ್ಲಿ ಸೇರಿ ಮಾತಾಡಲು ಸಾಧ್ಯವಾಯಿತು.

ಆಟಗಾರರ ಮನಸ್ಸಿನ ಮೇಲೆ ಏನು ಪರಿಣಾಮ ಆಯ್ತು?

ಆವರಣದ ಅತಿ ದುರ್ಬಲ ಕೊಂಡಿ ಇದೇ. ಕ್ಲಿಪ್ಪರ್ಸ್‌ನ ಪಾಲ್ ಜಾರ್ಜ್ ತಮಗೆ ಆತಂಕ, ಖಿನ್ನತೆ ಕಾಡಿತ್ತೆಂದು ಬಹಿರಂಗವಾಗಿ ಹೇಳಿದರು. ಹೋಟೆಲ್, ಬಸ್ಸು, ಅಂಕಣ, ಮತ್ತೆ ಹೋಟೆಲ್. ಸೋತ ರಾತ್ರಿ ಎದುರಾಳಿಯೂ ಅದೇ ಲಿಫ್ಟಿನಲ್ಲಿ. ಮೀನು ಹಿಡಿಯುವುದು, ಗಾಲ್ಫ್, ಕ್ಷೌರದಂಗಡಿ ಎಲ್ಲ ಇತ್ತು, ಆದರೆ ಮಕ್ಕಳ ಮುಖ ಫೋನಿನಲ್ಲಿ ಮಾತ್ರ. ಮೊದಲ ಸುತ್ತಿನ ಪ್ಲೇಆಫ್ ಮುಗಿಯುವ ಹೊತ್ತಿಗೆ ಕುಟುಂಬದವರಿಗೆ, ಅವರದೇ ಕ್ವಾರಂಟೈನ್ ಮುಗಿಸಿದ ಮೇಲೆ, ಪ್ರವೇಶ ಸಿಕ್ಕಿತು. ಇನ್ನೂ ಮುಂಚೆ ಬಿಡಬೇಕಿತ್ತು.

ಆಳದ ಪ್ರಶ್ನೆಗಳು

ಇಷ್ಟಕ್ಕೆಲ್ಲ ಎಷ್ಟು ಖರ್ಚಾಯ್ತು? ಗಿಟ್ಟಿತಾ?

ವರದಿಗಳ ಪ್ರಕಾರ ಲೀಗಿಗೆ ಸುಮಾರು 19 ಕೋಟಿ ಡಾಲರ್ ಖರ್ಚು. ಪಂದ್ಯಗಳೇ ನಡೆಯದಿದ್ದರೆ ಕೈತಪ್ಪುತ್ತಿದ್ದ ಪ್ರಸಾರ ಮತ್ತು ಜಾಹೀರಾತು ಆದಾಯ ಸುಮಾರು 150 ಕೋಟಿ ಡಾಲರ್ ಎಂದು ಅಂದಾಜಿಸಲಾಗಿತ್ತು. ಟಿವಿ ಒಪ್ಪಂದ ದೊಡ್ಡದಿರುವ ಲೀಗಿಗೆ ಮಾತ್ರ ಈ ಲೆಕ್ಕ ಕೂಡಿಬರುತ್ತದೆ. ಟಿಕೆಟ್ ಹಣವನ್ನೇ ನೆಚ್ಚಿಕೊಂಡ ಲೀಗಿಗೆ ಬಬಲ್ ಎಂದರೆ ಬರೀ ಖರ್ಚು.

ಕೋವಿಡ್ ಬಂದು ಗುಣವಾದವರಿಗೆ ಮತ್ತೆ ಪಾಸಿಟಿವ್ ಬಂದ್ರೆ ಏನು ಮಾಡ್ತಿದ್ರು?

ದಿನವೂ ಪಿಸಿಆರ್ ಮಾಡಿದರೆ ಈ ತೊಡಕು ಬಂದೇ ಬರುತ್ತದೆ. ಗುಣವಾದ ವಾರಗಳ ನಂತರವೂ ವೈರಸ್ಸಿನ ಸತ್ತ ತುಣುಕುಗಳು ಮೂಗಿನಲ್ಲಿ ಉಳಿದಿರುತ್ತವೆ, ಪಿಸಿಆರ್ ಅವನ್ನೂ ಹಿಡಿಯುತ್ತದೆ. ಪಾಸಿಟಿವ್ ಎಂದು ಹೊರಗಿಟ್ಟರೆ ಆರೋಗ್ಯವಂತ ಆಟಗಾರ ಸುಮ್ಮನೆ ಕೂರುತ್ತಾನೆ, ಬಿಟ್ಟರೆ ಅಪಾಯವೇ ಎಂಬ ಭಯ.

ಲೀಗ್ ಹಳೆಯ ಸೋಂಕಿನ ದಾಖಲೆ, ಪರೀಕ್ಷೆಯಲ್ಲಿ ಕಂಡ ವೈರಸ್ ಪ್ರಮಾಣ, ಪ್ರತಿಕಾಯ ಪರೀಕ್ಷೆ ಮೂರನ್ನೂ ಒಟ್ಟಿಗೆ ನೋಡಿ ವೈದ್ಯರ ಸಮಿತಿಯಿಂದ ತೀರ್ಮಾನ ಪಡೆಯುತ್ತಿತ್ತು. ಬಬಲ್‌ನ ದತ್ತಾಂಶವನ್ನು ಆಮೇಲೆ ಅಧ್ಯಯನ ಮಾಡಿದಾಗ 3,648 ಜನರಲ್ಲಿ 36 ಮಂದಿ ಹೀಗೆ ಗುಣವಾದ ಮೇಲೂ ಪಾಸಿಟಿವ್ ಬಂದವರು ಎಂದು ತಿಳಿಯಿತು. ಅವರಿಂದ ಒಬ್ಬರಿಗೂ ಸೋಂಕು ಹರಡಿರಲಿಲ್ಲ.

ಅಷ್ಟು ಚೆನ್ನಾಗಿ ನಡೆದ ಮೇಲೆ ಮುಂದಿನ ಋತುವೂ ಅಲ್ಲೇ ಯಾಕೆ ಆಡಲಿಲ್ಲ?

ಎಂಟು ಪಂದ್ಯ ಮತ್ತು ಪ್ಲೇಆಫ್‌ಗೆ ಮೂರು ತಿಂಗಳು ಹಿಡಿಯಿತು. 72 ಪಂದ್ಯಗಳ ಋತುವಿಗೆ ಐದಾರು ತಿಂಗಳು ಬೀಗ ಹಾಕಿ ಕೂರಲು ಆಟಗಾರರು ಸಿದ್ಧರಿರಲಿಲ್ಲ. 2020ರ ಡಿಸೆಂಬರ್ 22ರಿಂದ ಎನ್‌ಬಿಎ ತವರು ಊರುಗಳಿಗೆ ಮರಳಿತು, ಗಡಿ ನಿರ್ಬಂಧದಿಂದಾಗಿ ಟೊರಾಂಟೊ ಮಾತ್ರ ಫ್ಲೋರಿಡಾದ ಟ್ಯಾಂಪಾವನ್ನು ತವರು ಮಾಡಿಕೊಂಡಿತು. ಕಿರಿಯ ಹಂತದ ಜಿ ಲೀಗ್ 2021ರ ಫೆಬ್ರುವರಿ–ಮಾರ್ಚ್‌ನಲ್ಲಿ ಡಿಸ್ನಿಯಲ್ಲೇ ಚಿಕ್ಕ ಋತು ನಡೆಸಿತು. ಅದರಲ್ಲಿ ಆಡಿದ ಇಗ್ನೈಟ್ ತಂಡದಲ್ಲಿ ಪಂಜಾಬಿನ ಪ್ರಿನ್ಸ್‌ಪಾಲ್ ಸಿಂಗ್ ಇದ್ದರು.

ಐಪಿಎಲ್ ಬಬಲ್ 2020ರಲ್ಲಿ ಗೆದ್ದು 2021ರಲ್ಲಿ ಒಡೆದಿದ್ದು ಯಾಕೆ?

2020ರಲ್ಲಿ 60 ಪಂದ್ಯಗಳೂ ಯುಎಇಯ ದುಬೈ, ಅಬುಧಾಬಿ, ಶಾರ್ಜಾದಲ್ಲಿ. ಮೂರಕ್ಕೂ ಬಸ್ಸಿನಲ್ಲೇ ಹೋಗಬಹುದು, ತಂಡಗಳು ಬೇರೆ ಬೇರೆ ರೆಸಾರ್ಟ್‌ಗಳಲ್ಲಿದ್ದವು. ಶುರುವಿನಲ್ಲಿ ಚೆನ್ನೈ ಬಳಗದ 13 ಜನಕ್ಕೆ ಸೋಂಕು ಬಂದರೂ ಅದು ಆರಂಭದ ಕ್ವಾರಂಟೈನ್ ಹೊತ್ತಿನಲ್ಲೇ ಸಿಕ್ಕಿತು. 2021ರಲ್ಲಿ ಭಾರತದ ಆರು ನಗರಗಳ ನಡುವೆ ವಿಮಾನದಲ್ಲಿ ಸುತ್ತುವ ಯೋಜನೆ, ಹೊರಗೆ ಎರಡನೇ ಅಲೆ. ಆರ್‌ಸಿಬಿ ಎದುರು ಆಡಬೇಕಿದ್ದ ಕೋಲ್ಕತ್ತ ತಂಡದಲ್ಲಿ ಸೋಂಕು ಕಂಡು ಮೇ 3ರ ಪಂದ್ಯ ಮುಂದೂಡಿತು, ಮರುದಿನ ಟೂರ್ನಿಯೇ ನಿಂತಿತು. 29 ಪಂದ್ಯ ಮುಗಿದಿದ್ದವು, ಬೆಂಗಳೂರಿನ ಸರದಿ ಬರಲೇ ಇಲ್ಲ. ಪ್ರತಿ ವಿಮಾನಯಾನವೂ ಬಬಲ್ ಅನ್ನು ಬಿಚ್ಚಿ ಮತ್ತೆ ಕಟ್ಟಿದಂತೆ.

ಕರ್ನಾಟಕದಲ್ಲಿ ಇಂಥದ್ದು ನಡೆದಿದೆಯಾ?

ನಡೆದಿದೆ, ಅದೂ ಡಿಸ್ನಿ ಮಾದರಿಗೆ ತೀರ ಹತ್ತಿರದ್ದು. ಪ್ರೊ ಕಬಡ್ಡಿಯ ಎಂಟನೇ ಆವೃತ್ತಿ 2021ರ ಡಿಸೆಂಬರ್ 22ರಿಂದ 2022ರ ಫೆಬ್ರುವರಿ 25ರವರೆಗೆ ಪೂರ್ತಿಯಾಗಿ ಬೆಂಗಳೂರಿನ ವೈಟ್‌ಫೀಲ್ಡ್‌ನ ಶೆರಟಾನ್ ಗ್ರ್ಯಾಂಡ್ ಹೋಟೆಲ್ ಮತ್ತು ಸಮಾವೇಶ ಕೇಂದ್ರದಲ್ಲಿ, ಪ್ರೇಕ್ಷಕರಿಲ್ಲದೆ ನಡೆಯಿತು. 12 ತಂಡಗಳ ವಾಸವೂ ಅಲ್ಲೇ, ಮ್ಯಾಟ್ ಹಾಸಿದ್ದೂ ಅಲ್ಲೇ. ಫೈನಲ್‌ನಲ್ಲಿ ದಬಂಗ್ ಡೆಲ್ಲಿ ಪಟ್ನಾ ಪೈರೇಟ್ಸ್ ಅನ್ನು 37–36ರಿಂದ ಮಣಿಸಿತು. ಆದರೆ ಜನವರಿಯಲ್ಲಿ, ಒಮೈಕ್ರಾನ್ ಅಲೆಯ ನಡುವೆ, ಎರಡು ತಂಡಗಳಿಗೆ 12 ಆಟಗಾರರನ್ನು ಹೊಂದಿಸಲಾಗದೆ ವೇಳಾಪಟ್ಟಿ ಬದಲಾಯಿತು. ಬೇಗ ಹರಡುವ ತಳಿಯೆದುರು 2020ರ ವಿಧಾನ ಅಷ್ಟೇ ಬಲದಿಂದ ನಿಲ್ಲಲಿಲ್ಲ. ಬೆಂಗಳೂರು ಎಫ್‌ಸಿ ಆಡಿದ 2020–21ರ ಫುಟ್‌ಬಾಲ್ ಲೀಗ್ ಐಎಸ್‌ಎಲ್ ಕೂಡ ಇಡಿಯಾಗಿ ಗೋವಾದ ಮೂರು ಮೈದಾನಗಳಲ್ಲಿ ನಡೆದಿತ್ತು.

ಮುಂದೆ ಯಾವುದಾದ್ರೂ ರೆಸಾರ್ಟಲ್ಲಿ ಹೀಗೆ ಮಾಡಬೇಕಾದ್ರೆ ಮೊದಲು ಏನು ನೋಡಬೇಕು?

ಮೊದಲು ತಲೆ ಎಣಿಸಿ. ಡಿಸ್ನಿಯಲ್ಲಿ 22 ತಂಡಕ್ಕೆ 37ರಂತೆ 814 ಜನ, ಅದರ ಮೇಲೆ ರೆಫರಿಗಳು, ಲೀಗಿನವರು, ಟಿವಿಯವರು. ಎಲ್ಲರಿಗೂ ಒಬ್ಬೊಬ್ಬರಿಗೆ ಒಂದು ಕೋಣೆ ಬೇಕು, ಇಬ್ಬರನ್ನು ಒಂದೇ ಕೋಣೆಯಲ್ಲಿ ಹಾಕಿದರೆ ಒಬ್ಬರ ಸೋಂಕು ಇಬ್ಬರದು. ಸೋಂಕಿತರಿಗೆ ಬೇರೆ ಬಾಗಿಲು, ಬೇರೆ ಗಾಳಿಯಿರುವ ಕಟ್ಟಡವನ್ನು ಮೊದಲ ದಿನವೇ ಖಾಲಿ ಇಟ್ಟುಕೊಳ್ಳಬೇಕು.

ಎರಡನೆಯದು ಪ್ರಯೋಗಾಲಯ. ಇಂದು ಸಂಜೆ ಕೊಟ್ಟ ಮಾದರಿಯ ಫಲಿತಾಂಶ ನಾಳೆ ಬೆಳಗಿನ ಅಭ್ಯಾಸಕ್ಕೆ ಮುಂಚೆ ಕೈಸೇರಬೇಕು. ಎರಡು ದಿನ ತಡವಾಗುವ ಪರೀಕ್ಷೆಯನ್ನು ದಿನವೂ ಮಾಡಿಸಿ ಪ್ರಯೋಜನವಿಲ್ಲ. ಸುತ್ತಲಿನ ಊರಿನಲ್ಲಿ ಕಿಟ್‌ಗಳ ಕೊರತೆಯಿದ್ದರೆ ಆಟಗಾರರಿಗಾಗಿ ಅವನ್ನು ಕಸಿಯಬಾರದು, ಲೀಗ್ ತನ್ನ ಪೂರೈಕೆಯನ್ನು ತಾನೇ ತರಬೇಕು.

ಮೂರನೆಯದು ಬರುವ ಮುಂಚಿನ ಎರಡು ವಾರ. ಅದಕ್ಕೆ ಹಣ, ಸಿಬ್ಬಂದಿ, ನಿಯಮ ಮೂರೂ ಆವರಣದಷ್ಟೇ ಬೇಕು. ನಾಲ್ಕನೆಯದು ಕೆಲಸಗಾರರು: ಅವರ ಪಾಳಿಯನ್ನು ಚಿಕ್ಕ ಗುಂಪುಗಳಾಗಿ ಒಡೆದು, ಒಂದು ಗುಂಪು ಒಂದೇ ಮಹಡಿಗೆ ಮಾತ್ರ ಹೋಗುವಂತೆ ಮಾಡಿ, ಅವರನ್ನೂ ನಿಯಮಿತವಾಗಿ ಪರೀಕ್ಷಿಸಿ, ರಜೆ ಹಾಕಿದರೆ ಸಂಬಳ ಕಡಿಯುವುದಿಲ್ಲವೆಂದು ಬರೆದುಕೊಡಿ. ಸಂಬಳ ಹೋಗುತ್ತದೆಂಬ ಭಯವಿರುವವರು ಜ್ವರ ಮುಚ್ಚಿಟ್ಟುಕೊಂಡೇ ಕೆಲಸಕ್ಕೆ ಬರುತ್ತಾರೆ.

ಇನ್ನು ಗಡಿಯ ಸಣ್ಣಪುಟ್ಟ ಸಂಗತಿಗಳು. ಹೊರಗಿನ ಊಟ, ಪಾರ್ಸೆಲ್ ಎಲ್ಲಿ ಇಳಿಯಬೇಕು, ಯಾರು ತರಬೇಕು ಎಂದು ಮೊದಲೇ ಗೊತ್ತುಮಾಡಿ. ಮನೆಯಲ್ಲಿ ಸಾವು, ಹೆರಿಗೆ ಆದರೆ ಹೊರಹೋಗುವ ಮತ್ತು ಮರಳುವ ವಿಧಾನ ಬರವಣಿಗೆಯಲ್ಲಿರಲಿ. ಕುಟುಂಬದವರು ಬರುವ ದಿನಾಂಕವನ್ನು ಶುರುವಿನಲ್ಲೇ ಹೇಳಿ. ಸೋತ ತಂಡಗಳನ್ನು ಬೇಗ ಕಳಿಸಿಕೊಟ್ಟು, ಖಾಲಿಯಾದ ಮಹಡಿಗಳಿಗೆ ಬೀಗ ಹಾಕಿ, ಅಲ್ಲಿನ ಸಿಬ್ಬಂದಿಯನ್ನು ಉಳಿದ ತಂಡಗಳ ಕಡೆ ಕಳಿಸುವ ಮೊದಲು ಅವರಿಗೂ ಹೊಸದಾಗಿ ಎರಡು ಪರೀಕ್ಷೆ ಮಾಡಿಸಿ.